ಬಳೆಗಾರ್ತಿಯ ಕಥೆಗೊಂದು ಕೊನೆ

ಲೋಕಕ್ಕೆ ಲೋಕವೇ ಮೂಗು-ಬಾಯಿ ಮುಚ್ಚಿಕೊಂಡು ತಿರುಗುತ್ತಿದ್ದ ಒಂದು ಕಾಲ. ಏಳು ಸಮುದ್ರದಾಚೆಯೇನಲ್ಲ, ಒಂದೇ ಸಮುದ್ರದಾಚೆಯ ಪರದೇಶದಲ್ಲಿ, ಸೈಬರ್‌ಜಯಾದಿಂದ ತುಸು ದೂರ, ತಾಳೆ ತೋಟಗಳ ಅಂಚಿನಲ್ಲಿ ಒಂದು ಗಾಜಿನ ಅರಮನೆ. ಆ ಅರಮನೆಗೆ ರಾಜನಿಲ್ಲ, ರಾಣಿಯಿಲ್ಲ, ಪ್ರಜೆಗಳಂತೂ ಇಲ್ಲವೇ ಇಲ್ಲ. ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ದೀಪ ತಾನೇ ಹೊತ್ತಿಕೊಳ್ಳುತ್ತದೆ, ಹೆಬ್ಬಾಗಿಲಲ್ಲೊಂದು ಯಂತ್ರ ಬಂದವರ ಹಣೆ ನೋಡಿ ಜ್ವರವಿದೆಯೋ ಇಲ್ಲವೋ ಹೇಳುತ್ತದೆ. ಒಳಗೆ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ, ಒಬ್ಬ ಹುಡುಗಿ ಕೂತು ಅಳುತ್ತಿದ್ದಾಳೆ.

ಅವಳನ್ನು ಯಾವ ರಾಕ್ಷಸನೂ ಹೊತ್ತು ತಂದಿರಲಿಲ್ಲ. ಅವಳೇ ಅರ್ಜಿ ಹಾಕಿಕೊಂಡು ಬಂದಿದ್ದಳು.

ಹೆಸರು ಅಕ್ಷಯಾ, ಊರು ರಾಣೆಬೆನ್ನೂರು. ಆ ಅರಮನೆಯನ್ನು ಕಾಲೇಜಿನವರು ತಂತ್ರಜ್ಞಾನ ಭವನ ಎನ್ನುತ್ತಿದ್ದರು. ಕಾಲೇಜೋ, ಸಾಹಿತ್ಯ, ಚರಿತ್ರೆ, ತತ್ವಶಾಸ್ತ್ರ, ಸಂಗೀತ ಇಷ್ಟನ್ನೇ ನಂಬಿ ಬದುಕಿದ್ದ ಪುಟ್ಟ ಕಾಲೇಜು. ಅಲ್ಲಿನ ಮೇಷ್ಟ್ರುಗಳಿಗೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಅದನ್ನು ಬಿಡಿಸುವುದಕ್ಕಿಂತ ಕಾಗದ ಎಂದರೇನು ಎಂದು ಕೇಳುವುದು ಸುಲಭವಾಗಿತ್ತು. ಅಂಥವರ ನಡುವೆ ಯಾರೋ ಪುಣ್ಯಾತ್ಮ ದಾನಿ ಕೊಟ್ಟ ಹಣದಲ್ಲಿ ಈ ಭವನ ಎದ್ದಿತು. ಎದ್ದು ನಿಂತು ಬಣ್ಣ ಒಣಗುವ ಹೊತ್ತಿಗೆ ದೇಶಕ್ಕೆ ಬೀಗ ಬಿತ್ತು. ಹುಡುಗರು ಮನೆಗೆ ಹೋದರು, ಎಷ್ಟೋ ಜನ ಫೀಸು ಕಟ್ಟುವುದನ್ನೂ ಬಿಟ್ಟರು. ಮರುವರ್ಷ ಆಡಳಿತ ಮಂಡಳಿ ಒಂದು ಕಟ್ಟಪ್ಪಣೆ ಹೊರಡಿಸಿತು. ಪ್ರತಿಯೊಬ್ಬ ಅಧ್ಯಾಪಕರೂ ಹೊಸ ಭವನದ ಸ್ಟುಡಿಯೋದಲ್ಲಿ ಕೂತು ಒಂದು ಪೂರ್ತಿ ಪಾಠ ರೆಕಾರ್ಡ್ ಮಾಡಿ ಗುರುವಾರ ಸಂಜೆ ಐದರೊಳಗೆ ಕಳಿಸಬೇಕು. ಕಳಿಸಿದವರ ಕರಾರು ಇನ್ನೊಂದು ವರ್ಷ. ಕಳಿಸದವರಿಗೆ ಇಲ್ಲಿಯವರೆಗಿನ ಸೇವೆಗಾಗಿ ಧನ್ಯವಾದ.

ಕರಾರು ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಊರು. ಊರಿಗೆ ಹೋಗುವುದು ತಪ್ಪೇನಲ್ಲ. ಆದರೆ ತಾನು ಗಾಜಿನ ಅರಮನೆಯಲ್ಲಿ ಪ್ರೊಫೆಸರ್ ಎಂದು ಅವಳು ಊರಿನಲ್ಲಿ ಹೇಳಿಕೊಳ್ಳದೆ ಉಳಿದ ಮನೆಗಳೇ ಇರಲಿಲ್ಲ. ಅಸಲಿಗೆ ಅವಳು ಜನಪದ ಸಾಹಿತ್ಯ ಕಲಿಸುವ ತಾತ್ಕಾಲಿಕ ಸಹಾಯಕಿ.

ಆನ್‌ಲೈನ್ ಮೀಟಿಂಗಿನಲ್ಲಿ ಡೀನ್ ಉಷಾ ಮೇಡಂ, ಅಲ್ಲೇ ಹುಟ್ಟಿ ಬೆಳೆದು ಅಲ್ಲಿನವರಂತೆ ಮಾತಿಗೊಂದು 'ಲಾ' ಸೇರಿಸುವ ತಮಿಳು ಹೆಂಗಸು, ಎಲ್ಲರೆದುರೇ ಹೇಳಿದ್ದರು. "ಅಕ್ಷಯಾ, ನಿನ್ನದು ಎಲ್ಲರಿಗಿಂತ ಸುಲಭ ಲಾ. ನಿಮ್ಮಜ್ಜಿ ಹೇಳಿದ ಒಂದು ಕಥೆ ನಿಮ್ಮ ಭಾಷೆಯಲ್ಲೇ ಹೇಳು, ಅದರ ಮೇಲೆ ಸ್ವಲ್ಪ ಮಾತಾಡು. ಆಯ್ತಲ್ಲ."

"ಒಂದ್ಯಾಕೆ ಮೇಡಂ, ನೂರು ಬೇಕಾದ್ರೂ ಇದಾವೆ," ಎಂದಿದ್ದಳು ಅಕ್ಷಯಾ. "ಗುರುವಾರದೊಳಗೆ ಕೊಟ್ಟೇ ಕೊಡ್ತೀನಿ. ನನ್ನ ಮಾತು ಅಂದ್ರೆ ಮಾತು."

ಅಜ್ಜಿಯ ಕಥೆಗಳಲ್ಲೇ ಬೆಳೆದವಳು ನಾನು ಎಂಬ ವಾಕ್ಯವನ್ನು ಅವಳು ಅರ್ಜಿಯಲ್ಲಿ ಬರೆದಿದ್ದಳು, ಸಂದರ್ಶನದಲ್ಲಿ ಹೇಳಿದ್ದಳು, ಅಲ್ಲಿನವರು ಮಮಕ್ ಎನ್ನುವ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಪಕ್ಕದ ಮೇಜಿನವರು ಕೇಳದಿದ್ದರೂ ತಿಳಿಸಿದ್ದಳು. ಸೋಮವಾರ ಸ್ಟುಡಿಯೋಕ್ಕೆ ಬಂದವಳು ಕಥೆಯ ಮೇಲಿನ ಭಾಷಣವನ್ನು ಒಂದೇ ಉಸಿರಿಗೆ ಮುಗಿಸಿದಳು. ಜನಪದ ಕಥೆಗಳ ಮುಕ್ತಾಯದ ಸೊಗಸಿನ ಬಗ್ಗೆ ಅದರಲ್ಲೊಂದು ಗಂಭೀರವಾದ ಭಾಗವೂ ಇತ್ತು. ಕಥೆಯೊಂದು ಬಾಕಿ.

ಮಂಗಳವಾರ ಕಥೆಗೆ ಕೂತಾಗ ಒಂದು ಸಣ್ಣ ಸಂಗತಿ ಅವಳ ಗಮನಕ್ಕೆ ಬಂತು. ಅವಳಿಗೆ ಯಾವ ಕಥೆಯ ಕೊನೆಯೂ ಗೊತ್ತಿರಲಿಲ್ಲ.

ಏಳು ಮಂದಿ ಅಣ್ಣಂದಿರ ತಂಗಿ ಕಾಡಿಗೆ ಹೋದದ್ದು ಗೊತ್ತು, ಬಂದಳೋ ಇಲ್ಲವೋ ಗೊತ್ತಿಲ್ಲ. ಗಿಣಿ ರಾಜನಿಗೆ ಒಂದು ಗುಟ್ಟು ಹೇಳಿದ್ದು ನೆನಪಿದೆ, ಗುಟ್ಟು ನೆನಪಿಲ್ಲ. ಒಂದೊಂದು ಕಥೆಯೂ ಒಳ್ಳೆಯ ತಿರುವಿಗೆ ಬಂದು ಮಂಜಾಗಿ, ಆಮೇಲೆ ಬೆಳಗಾಗುತ್ತಿತ್ತು. ಕಾರಣ ಸರಳ. ಅಷ್ಟು ಹೊತ್ತಿಗೆ ಅವಳು ನಿದ್ದೆ ಹೋಗಿರುತ್ತಿದ್ದಳು. ಅಜ್ಜಿಯ ಕಥೆಗಳಲ್ಲಿ ಬೆಳೆದವಳೇನೋ ಹೌದು, ಆದರೆ ಬೆಳೆದದ್ದೆಲ್ಲ ಗೊರಕೆ ಹೊಡೆಯುತ್ತಲೇ.

ಮಂಗಳವಾರ ಹೋಯಿತು, ಬುಧವಾರವೂ ಹೋಯಿತು. ಗುರುವಾರ ಮಧ್ಯಾಹ್ನ ಅವಳು ಸ್ಟುಡಿಯೋದ ಕುರ್ಚಿಯಲ್ಲಿ ಅಲುಗದೆ ಕೂತು ಅಳುತ್ತಿದ್ದಾಗ ದೀಪಗಳೆಲ್ಲ ಆರಿದವು.

"ಕೈ ಆಡಿಸಿ ಮಾರಾಯ್ರೆ," ಎಂದಿತು ಗೋಡೆಯ ಸ್ಪೀಕರ್. "ಅಲ್ಲಾಡದೆ ಕೂತ್ರೆ ಆ ಕೋಣೆಯ ಲೆಕ್ಕದಲ್ಲಿ ನೀವು ಇಲ್ಲ ಅಂತ."

ಮಾತಾಡಿದ್ದು ಮುಯೀನ್. ಪುತ್ತೂರಿನವನು, ಅದೇ ದೇಶದ ಬಯಾನ್ ಲೆಪಾಸ್ ಎಂಬ ಊರಿನ ಕಾರ್ಖಾನೆ ಬಿಟ್ಟು ಬಂದು ಈ ಭವನದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್. ದಪ್ಪ ಗಾಜಿನಾಚೆಯ ಕೋಣೆಯಲ್ಲಿ ಅವನ ಜಾಗ. ಇಲ್ಲಿಯ ಮಾತು ಮೈಕಿನಲ್ಲಿ ಅವನಿಗೆ ಕೇಳುತ್ತದೆ, ಅಲ್ಲಿಂದ ಇಲ್ಲಿಗೆ ಸದ್ದು ಬರುವುದಿಲ್ಲ. ಅವನು ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಮಾತ್ರ ಕೇಳುತ್ತದೆ.

ಅಕ್ಷಯಾ ಎರಡೂ ಕೈ ಬೀಸಿದಳು. ದೀಪ ಬಂತು.

"ಅಳ್ತಾ ಇದ್ದೀರಾ?"

"ಇಲ್ಲ ಮುಯೀನಣ್ಣ, ಮಾಸ್ಕ್ ಒಳಗೆ ಬೆವರು."

"ಕಣ್ಣಲ್ಲಿ ಎಂತ ಬೆವರು? ಇರ್ಲಿ. ನಾನು ಊಟ ತಪಾವ್ ಮಾಡಿ, ಪೊಟ್ಟಣ ಕಟ್ಟಿಸಿ ತರ್ತೇನೆ. ಬರುವಷ್ಟರಲ್ಲಿ ಆ ಕಥೆ ಒಂದು ದಡ ಮುಟ್ಟಿಸಿ. ಐದಕ್ಕೆ ಆ ಸಿಸ್ಟಮ್ ಬಂದ್ ಆಗ್ತದೆ, ನನ್ನ ಕೈಯಲ್ಲಿಲ್ಲ."

ಅವನು ಹೋದ ಮೇಲೆ ಅವಳಿಗೆ ಉಳಿದದ್ದು ಒಂದೇ ದಾರಿ. ಇಷ್ಟು ದಿನ ನಾಚಿಕೆಯಿಂದ ಮುಂದೂಡಿದ್ದ ಫೋನು. ರಾಣೆಬೆನ್ನೂರಿನಲ್ಲಿ ಅಜ್ಜಿ ಫೋನನ್ನು ಹಣೆಗೆ ಹಿಡಿದುಕೊಂಡರು. ಪರದೆಯ ತುಂಬ ವಿಭೂತಿ.

"ಆಯಿ, ಬಳೆಗಾರ್ತಿ ರಾಕ್ಷಸಿ ಮನಿಗೆ ಹೋಗ್ತಾಳಲ್ಲ, ಆ ಕತಿ ನೆನಪೈತಿ?"

"ನೆನಪಿಲ್ದ ಏನು! ಗುಡ್ಡದ ಮ್ಯಾಲಿನ ಮನಿ. ಹೋದ್ಲು."

"ಹೋದ ಮ್ಯಾಲೆ ಏನಾತು?"

"ಹೋದ ಮ್ಯಾಲ ನೀ ಮಲಗಿದಿ."

"ನಾ ಮಲಗಿದ್ದು ಬಿಡು ಆಯಿ! ಕತ್ಯಾಗ ಏನಾತು?"

"ಕತ್ಯಾಗ ಏನಾಗ್ತತಿ? ನೀ ಹೂಂ ಅನ್ನೂದು ಬಿಟ್ಟಿ, ನಾ ಹೇಳೂದು ಬಿಟ್ಟೆ. ಹೂಂ ಅನ್ನಾಕ ಮಂದಿ ಇಲ್ದ ಗ್ವಾಡಿಗೆ ಕತಿ ಹೇಳಾಕ ನನಗೇನು ಹುಚ್ಚ?"

"ಹಂಗಾರ ಕೊನಿ?"

"ನನಗೂ ಗೊತ್ತಿಲ್ಲವಾ. ಹೇಳಿದಾಕಿ ನಮ್ಮವ್ವ. ಅಕಿ ಹೇಳಾಗ ನಾನೂ ಮಲಗತಿದ್ದೆ." ಅಜ್ಜಿ ನಕ್ಕರು, ವಿಭೂತಿಯ ಪಟ್ಟೆಗಳು ಕುಣಿದವು. "ಯಾಕ, ಅಲ್ಲೆ ದೊಡ್ಡ ಸಾಲ್ಯಾಗ ಇದನ್ನ ಕಲಸ್ತಿ ಏನು? ಅದಕ್ಕ ಪಗಾರನೂ ಕೊಡ್ತಾರ?"

ಫೋನಿಟ್ಟ ಅಕ್ಷಯಾ ಅಲುಗದೆ ಕೂತಳು. ಮೂರು ತಲೆಮಾರಿನ ಮೌಖಿಕ ಪರಂಪರೆ ಎಂದು ತಾನು ಸೋಮವಾರದ ಭಾಷಣದಲ್ಲಿ ಹೊಗಳಿದ್ದು ಮೂರು ತಲೆಮಾರಿನ ನಿದ್ದೆಯನ್ನು. ದೀಪ ಮತ್ತೆ ಆರಿತು. ಈ ಸಲ ಕೈ ಬೀಸುವಾಗ ಅವಳಿಗೆ ಅಳು ಬರಲಿಲ್ಲ, ನಗು ಬಂತು. ಕೊನೆ ಯಾರ ಹತ್ತಿರವೂ ಇಲ್ಲವೆಂದ ಮೇಲೆ ಅದನ್ನು ತಪ್ಪು ಹೇಳುವ ಭಯವಾದರೂ ಎಲ್ಲಿಯದು?

ಮುಯೀನ್ ಊಟದ ಪೊಟ್ಟಣ ಹಿಡಿದು ಬಂದಾಗ ಅವಳು ಗಾಜು ಬಡಿದಳು.

"ಮುಯೀನಣ್ಣ, ಒಂದು ಉಪಕಾರ ಆಗ್ಬೇಕು. ನಾನು ಕಥೆ ಹೇಳ್ತಾ ಹೋಗ್ತೀನಿ. ನೀವು ನಡುನಡುವೆ ಹೂಂ ಅನ್ನಬೇಕು."

"ಎಂತ? ನಾನು ಹೂಂ ಅಂದ್ರೆ ಅದೂ ರೆಕಾರ್ಡ್ ಆಗ್ತದಲ್ಲ. ಆಡಿಯೋ ಹಾಳಾಗ್ತದೆ."

"ಹಾಳಾಗ್ಲಿ. ಮೂರು ದಿನ ಕ್ಲೀನ್ ಆಡಿಯೋದಲ್ಲಿ ಏನು ಸಿಕ್ತು?"

ಅವನು ಪೊಟ್ಟಣವನ್ನು ಒಮ್ಮೆ, ಗಡಿಯಾರವನ್ನು ಒಮ್ಮೆ ನೋಡಿದ. "ಶುರು ಮಾಡಿ," ಎಂದು ರೆಕಾರ್ಡಿಂಗಿನ ಕೆಂಪು ದೀಪ ಹೊತ್ತಿಸಿ ಗುಂಡಿ ಒತ್ತಿ ಹಿಡಿದ.

"ಒಂದೂರಲ್ಲಿ ಒಬ್ಬಳು ಬಳೆಗಾರ್ತಿ," ಎಂದು ಶುರು ಮಾಡಿದಳು.

"ಹೂಂ," ಎಂದ ಮುಯೀನ್, ಬ್ಯಾಂಕಿನಲ್ಲಿ ಸಹಿ ಹಾಕುವವನಂತೆ.

"ಹೆಗಲ ಮೇಲೆ ಬಳೆಗಳ ಸರ ಹೊತ್ತು ಊರೂರು ತಿರುಗುತ್ತಿದ್ದಳು. ಒಂದು ದಿನ ಗುಡ್ಡದ ಮೇಲಿನ ಮನೆಯಿಂದ ಕೂಗು ಬಂತು, ನನಗೂ ಬಳೆ ಇಡು ಬಾರೇ ಅಂತ. ಹೋಗಿ ನೋಡಿದರೆ ರಾಕ್ಷಸಿ! ಒನಕೆಯಂಥ ಬೆರಳು, ಮೊರದಂಥ ಅಂಗೈ. ಹೊತ್ತು ಮುಳುಗುವುದರೊಳಗೆ ಈ ಕೈಗೆ ಬಳೆ ಏರಿಸಿದರೆ ಸರಿ, ಇಲ್ಲವಾದರೆ ನಿನ್ನನ್ನು ಬಳೆ ಸಮೇತ ನುಂಗ್ತೀನಿ ಅಂದಳು."

"ಹೂಂ."

ಅಲ್ಲಿಗೆ ಬಂತು ಮಂಜು. ಅಕ್ಷಯಾ ಕೇಳಿಸಿಕೊಂಡಿದ್ದ ಕಥೆ ಅಷ್ಟೇ.

"ಹೂಂ," ಎಂದ ಮುಯೀನ್ ಮತ್ತೊಮ್ಮೆ. ಆಮೇಲೆ ತಡೆಯಲಾರದೆ, "ಅಲ್ಲ, ಬಳೆಯ ಸೈಜ್ ಎಷ್ಟು? ಮೊರದಂಥ ಕೈಗೆ ಮನುಷ್ಯರ ಬಳೆ ಹೋಗ್ಲಿಕ್ಕೆ ಉಂಟಾ? ಚಾನ್ಸೇ ಇಲ್ಲ."

"ಹೋಗಲ್ಲ," ಎಂದಳು ಅಕ್ಷಯಾ. ಅವಳಿಗೆ ರಾಣೆಬೆನ್ನೂರಿನ ಸಂತೆಯ ಬಳೆಗಾರ್ತಿ ಕಣ್ಣೆದುರು ಬಂದಳು. ಕೈಯನ್ನು ತನ್ನ ಮಡಿಲಿಗೆಳೆದುಕೊಂಡು, ಗೆಣ್ಣುಗಳನ್ನು ಮೆಲ್ಲಗೆ ಒತ್ತುತ್ತಾ, ಯಾವ ಸಾಲಿ, ಎಷ್ಟನೇ ಇಯತ್ತೆ, ಮೇಷ್ಟ್ರು ಹೊಡೀತಾರೇನವಾ ಎಂದು ಕೇಳುತ್ತಿದ್ದಳು. ಉತ್ತರ ಹೇಳಿ ಮುಗಿಯುವಷ್ಟರಲ್ಲಿ ಬಳೆ ಕೈಯಲ್ಲಿರುತ್ತಿತ್ತು. "ಹೋಗಲ್ಲ ಅಂತ ಬಳೆಗಾರ್ತಿಗೂ ಗೊತ್ತು. ಆದರೆ ಅವಳು ಕೈ ನೋಡಿದಳು. ಅದು ಹುಟ್ಟಿನಿಂದ ಅಷ್ಟು ದೊಡ್ಡದಲ್ಲ. ಯಾವ ಕಾಲದಿಂದಲೋ ಮುಷ್ಟಿ ಬಿಗಿಹಿಡಿದು ಹಿಡಿದು ಊದಿಕೊಂಡದ್ದು. ಆ ಕೈಯನ್ನು ಯಾರೂ ಮುಟ್ಟಿರಲೇ ಇಲ್ಲ."

ಗಾಜಿನಾಚೆ ಮುಯೀನ್ ಇನ್ನೊಂದು ಕೈಯಲ್ಲಿ ಪೊಟ್ಟಣದ ರಬ್ಬರ್ ಬ್ಯಾಂಡ್ ಬಿಚ್ಚುತ್ತಿದ್ದವನು ಹಾಗೇ ನಿಂತಿದ್ದ.

"ಹೂಂ ಅನ್ನಿ!"

"ಹೂಂ, ಹೂಂ. ಸಾರಿ. ಮತ್ತೆ?"

"ಬಳೆಗಾರ್ತಿ ಆ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಎಣ್ಣೆ ಹಚ್ಚಿ ಒತ್ತುತ್ತಾ ಕೇಳಿದಳು, ಒಬ್ಬಳೇ ಇರ್ತೀಯೇನವ್ವಾ? ಅಡುಗೆ ನೀನೇ ಮಾಡ್ಕೋತೀಯಾ? ರಾಕ್ಷಸಿ, ನಿನ್ನ ತಿನ್ನೋಳನ್ನ ಇದೆಲ್ಲ ಕೇಳ್ತಾರೇನೇ ಅಂತ ಗದರಿದಳು. ಬಳೆಗಾರ್ತಿ ಹೆದರಿದಳು, ಒತ್ತೋದು ಬಿಡಲಿಲ್ಲ. ತಾನು ಬಳೆ ಇಟ್ಟ ಕೈಗಳ ಕಥೆ ಹೇಳಿದಳು. ಮದುವೆಯ ಹಿಂದಿನ ದಿನ ನಡುಗಿದ ಕೈ, ಹೆರಿಗೆಗೆ ಮೊದಲು ಬೆವತ ಕೈ, ಬಳೆ ಬೇಡವೆಂದು ಕೊಡವಿ ಮರುದಿನ ತಾನೇ ಹುಡುಕಿಕೊಂಡು ಬಂದ ಕೈ. ರಾಕ್ಷಸಿ ಒಮ್ಮೆ ಹೂಂ ಅಂದಳು, ಮತ್ತೊಮ್ಮೆ ಅಂದಳು. ಹೂಂ ಅಂದಾಗೊಮ್ಮೆ ಮುಷ್ಟಿ ಒಂದು ಎಳೆ ಸಡಿಲ. ಒಂದು ಎಳೆ ಸಡಿಲವಾದಾಗೊಮ್ಮೆ ಕೈ ಒಂದು ಎಳೆ ಸಣ್ಣ."

"ಸೂರ್ಯ? ಹೊತ್ತು ಮುಳುಗ್ತಾ ಉಂಟಲ್ಲ?"

"ಮುಳುಗ್ತಾ ಇದೆ. ಬಳೆ ಹೆಬ್ಬೆರಳಿನ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿದೆ."

"ಅಯ್ಯೋ, ತಿರುಗಿಸ್ಲಿಕ್ಕೆ ಹೇಳಿ ಅವಳಿಗೆ!"

ಹೀಗೆ ಭವನದ ಯಂತ್ರಾಧಿಕಾರಿಯೇ ಬಳೆಗಾರ್ತಿಗೆ ಸಲಹೆ ಕೊಡುವ ಹಂತಕ್ಕೆ ಬಂದಿದ್ದ. ಅಕ್ಷಯಾಳ ಮೂಗು ಸೋರುತ್ತಿತ್ತು. ತನ್ನ ಕಥೆಗೆ ತಾನೇ ಅಳುವವರ ಬಗ್ಗೆ ಅವಳಿಗೆ ಎಂದೂ ಗೌರವವಿರಲಿಲ್ಲ. ಮಾಸ್ಕ್ ಕಳಚಿಟ್ಟಿದ್ದರಿಂದ ಅದೂ ರೆಕಾರ್ಡ್ ಆಗುತ್ತಿತ್ತು.

"ಅಷ್ಟರಲ್ಲಿ ರಾಕ್ಷಸಿ ಕೇಳಿದಳು, ಬೇಡವೆಂದ ಆ ಹುಡುಗಿ ಮತ್ತೆ ಯಾಕೆ ಬಂದಳು ಅಂತ. ಬರೀ ಕೈ ಬೇಜಾರಾಗಿತ್ತವ್ವಾ ಅಂದಳು ಬಳೆಗಾರ್ತಿ. ರಾಕ್ಷಸಿ ಹೂಂ ಅಂತ ನಿಟ್ಟುಸಿರು ಬಿಟ್ಟಳು. ಬಳೆ ಜಾರಿ ಮಣಿಕಟ್ಟಿಗೆ ಬಂದು ಕೂತಿತು. ಆಗಲೇ ಹೊತ್ತು ಮುಳುಗಿದ್ದು."

ಸ್ಪೀಕರಿನಿಂದ ಉದ್ದನೆಯ ಉಸಿರು. "ಇನ್ನೊಂದು ಕೈ?"

"ಇನ್ನೊಂದು ಕೈಯನ್ನು ರಾಕ್ಷಸಿ ತಾನಾಗಿ ಚಾಚಿದಳು. ಕಥೆ ಮುಗೀತು."

ಮುಯೀನ್ ಕೆಂಪು ದೀಪ ಆರಿಸಿದ. ಅವನ ಊಟ ಅಲ್ಲೇ ತಣ್ಣಗಾಗಿತ್ತು.

"ನನ್ನ ಹೂಂ ಎಲ್ಲ ತೆಗೀಬೇಕಾ?" ಎಂದು ಕೇಳಿದ. "ತೆಗೀಲಿಕ್ಕೆ ಹೋದ್ರೆ ಐದು ಕಳೀತದೆ."

"ಒಂದನ್ನೂ ಮುಟ್ಟಬೇಡಿ."

"ಆ ಸೂರ್ಯನ ವಿಷಯ ಕೇಳಿದ್ದು? ತಿರುಗಿಸ್ಲಿಕ್ಕೆ ಹೇಳಿ ಅಂತ ಬೊಬ್ಬೆ ಹೊಡೆದದ್ದು? ಡೀನ್ ಎಂತ ಅಂದ್ಕೊಳ್ತಾರೆ?"

"ಕಥೆ ಕೇಳಿದಾರೆ ಅಂದ್ಕೊಳ್ತಾರೆ. ಕಳ್ಸಿ ಮುಯೀನಣ್ಣ, ಬೇಗ."

ಅವನು ಕಥೆಯನ್ನು ಸೋಮವಾರದ ಭಾಷಣಕ್ಕೆ ಜೋಡಿಸಿ, ಡೀನ್ ಕಚೇರಿಯ ಹೆಸರು ಆರಿಸಿ, ಗುಂಡಿ ಒತ್ತಿದ. ಅಕ್ಷಯಾ ಓಡಿ ಬಂದು ಅವನ ಹಿಂದೆ ನಿಯಮದಷ್ಟು ದೂರ ಬಿಟ್ಟು ನಿಂತಳು. ಪರದೆಯ ಮೇಲೆ ನೀಲಿ ಗೆರೆಯೊಂದು ಎಡದಿಂದ ಹೊರಟು, ನಡುವೆ ನಿಂತು, ಇಬ್ಬರ ಉಸಿರನ್ನೂ ಹಿಡಿಸಿ, ಮತ್ತೆ ತೆವಳಿ, ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಬಲಗಡೆಯ ಅಂಚನ್ನು ಮುಟ್ಟಿತು.