ಒಂಬತ್ತು ತುತ್ತಿನ ಹೊತ್ತು

ಗುರ್ರ್ — ಮೈದುನನ ಹೊಟ್ಟೆ, ಕಾಗದದ ಬಾಗಿಲು ಮುಚ್ಚಿ ಇನ್ನೂ ಅರೆ ನಿಮಿಷವಾಗಿಲ್ಲ, ಒಳಗೆ ಮಾವ ಊಟಕ್ಕೆ ಕೂತಿದ್ದಾರೆ, ಹೊರಗೆ ಜಗಲಿಯ ಮೇಲೆ ನಾವು ನಾಲ್ವರು ಮಂಡಿಯೂರಿ ತಲೆ ತಗ್ಗಿಸಿದ್ದೇವೆ, ಸತ್ತವರು ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಬದುಕಿರುವವರು ಸದ್ದು ಮಾಡಬಾರದು, ಅಷ್ಟೇ ಕೆಲಸ, ಅದೂ ಈ ಇನ್‌ಬೇ ಕೈಲಿ ಆಗುವುದಿಲ್ಲ, ಸೋಲ್‌ನಿಂದ ಬರುವಾಗ ದಾರಿಯಲ್ಲಿ ಏನಾದರೂ ತಿಂದು ಬಾ ಎಂದು ನಾನೇ ಸಂದೇಶ ಕಳಿಸಿದ್ದೆ, ಬಂದವನೇ ಎಡೆಗೆ ಕರಿದಿಟ್ಟ ಮೀನಿಗೆ ಕೈಹಾಕಿದ, ಸೌಟಿನಲ್ಲಿ ಕೈಗೊಂದು ಕೊಟ್ಟೆ, ಅಯ್ಯೋ ಅತ್ತಿಗೆ, ಅಪ್ಪನಿಗಿಂತ ನೀವೇ ಜೋರು ಕಣ್ರೀ, ಎಂಟು ಗಂಟೆಗೇ ಮುಗಿಸಿಬಿಡೋಣ, ಈಗ ಎಲ್ಲರ ಮನೇಲೂ ಎಂಟಕ್ಕೇ ಮಾಡೋದು, ಅಪ್ಪ ಏನು ಗಡಿಯಾರ ಕಟ್ಕೊಂಡು ಬರ್ತಾರಾ — ನಾನು ಒಪ್ಪಲಿಲ್ಲ, ಈ ಮನೆಯಲ್ಲಿ ಎಡೆ ಇಡುವುದು ನಡುರಾತ್ರಿ ದಾಟಿದ ಮೇಲೆಯೇ, ಇಪ್ಪತ್ತಾರು ವರ್ಷದಿಂದ ಹಾಗೇ ನೋಡಿದ್ದೇನೆ, ನನ್ನ ಕೈಗೆ ಬಂದ ಮೊದಲ ವರ್ಷವೇ ನಿಯಮ ಸಡಿಲವಾಯಿತು ಅನ್ನಿಸಿಕೊಳ್ಳಲೇ, ಹನ್ನೆರಡರವರೆಗೆ ಅವನನ್ನು ಕಾಯಿಸಿದೆ, ಅವನು ಕಂಬಕ್ಕೊರಗಿ ತೂಕಡಿಸಿದ, ನನ್ನ ಗಂಡ ಇನ್‌ಸೊಕ್ ನಿಲುವಂಗಿಯ ದಾರ ಕಟ್ಟಿಕೊಳ್ಳಲು ಬಾರದೆ ಮೂರು ಸಲ ನನ್ನನ್ನು ಕರೆದರು, ಹಿರಿಮಗ, ಐವತ್ತೆಂಟು ವರ್ಷ, ತಂದೆಯ ತಿಥಿ ಯಾವತ್ತು ಎಂದು ಕೇಳಿದರೆ ಅಮ್ಮ ಹೇಳಿದ ದಿನ ಅನ್ನುತ್ತಾರೆ.

ಅಮ್ಮ ಹೇಳಿದ ದಿನ. ಅದಕ್ಕೇ ಅಲ್ಲವೇ ಈ ವರ್ಷ ಅದು ನನ್ನ ತಲೆಗೆ ಬಿದ್ದದ್ದು, ಅತ್ತೆಗೆ ಎಂಬತ್ತನಾಲ್ಕು, ವಸಂತದಲ್ಲಿ ಸೋಯಾ ಕಾಳು ಹುಳಿಸುವ ಜಾಡಿಗೆ ಎರಡೆರಡು ಸಲ ಉಪ್ಪು ಹಾಕಿದರು, ಮೆಣಸಿನಕಾಯಿ ಒಣಗಿಸುವ ಯಂತ್ರ ಆರಿಸುವುದನ್ನು ಮರೆತು ಅರ್ಧ ಬೆಳೆ ಕಪ್ಪಾಯಿತು, ಇನ್ನು ದಿನದ ಲೆಕ್ಕವೆಲ್ಲ ನೀನೇ ನೋಡ್ಕೋ ಎಂದರು ಇನ್‌ಸೊಕ್, ನಾನು ನೋಡಿಕೊಂಡೆ, ಯಾರ ಬಾಯಿಮಾತೂ ನಂಬದೆ ಗುಡ್ಡ ಹತ್ತಿ ಸಮಾಧಿ ಕಲ್ಲಿನ ಮೇಲಿದ್ದದ್ದನ್ನೇ ಬರೆದುಕೊಂಡೆ, ಚಾಂದ್ರಮಾನದ ಏಳನೇ ತಿಂಗಳು, ಇಪ್ಪತ್ತೊಂದು, ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ವೃತ್ತ ಹಾಕಿದೆ, ಅದರ ಚಿತ್ರ ತೆಗೆದು ಎಲ್ಲರಿಗೂ ಕಳಿಸಿದೆ, ಮೂಲಂಗಿ ಸಾರು, ಜರೀಗಿಡದ ಪಲ್ಯ, ಕೆಂಪು ಹಣ್ಣು ಪೂರ್ವಕ್ಕೆ ಬಿಳಿ ಹಣ್ಣು ಪಶ್ಚಿಮಕ್ಕೆ, ಯಾವುದರಲ್ಲೂ ಖಾರವಿಲ್ಲ, ಜೀವಮಾನವಿಡೀ ಮೆಣಸಿನಕಾಯಿ ಬೆಳೆದ ಮನುಷ್ಯನ ಎಡೆಗೆ ಚಿಟಿಕೆ ಖಾರ ಹಾಕುವಂತಿಲ್ಲ, ಬೆಳ್ಳುಳ್ಳಿಯೂ ಇಲ್ಲ, ಎಂಥ ಸಪ್ಪೆ ಊಟವಪ್ಪಾ ಮಾವ, ಬೇಗ ಉಂಡು ಮುಗಿಸಿ, ನನ್ನ ಮಂಡಿ ಹಲಗೆಗೆ ಒತ್ತುತ್ತಿದೆ, ಎಷ್ಟು ತುತ್ತಾಯಿತು, ನಾಲ್ಕೇ, ಐದೇ — ಇನ್‌ಬೇಯ ಫೋನು ಹಲಗೆಯ ಮೇಲೆ ಬೆಳಗುತ್ತದೆ, ಅಯ್ಯೋ ಇವನ, ಫೋನು ಒಳಗಿಡು ಅಂದಿದ್ದೆನಲ್ಲ, ಯಾರೋ ಗೆಳೆಯನ ಸಂದೇಶ, ಗಂಟೆ ಹನ್ನೆರಡು ಹದಿನಾಲ್ಕು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಚಾಂದ್ರಮಾನ ಏಳು, ಇಪ್ಪತ್ತೆರಡು.

ಇಪ್ಪತ್ತೆರಡು ಹೇಗಾಗುತ್ತದೆ. ಇವತ್ತು ಇಪ್ಪತ್ತೊಂದು, ಬೆಳಿಗ್ಗೆ ಎದ್ದಾಗಿನಿಂದ ಇಪ್ಪತ್ತೊಂದೇ — ಹೌದು, ಹನ್ನೆರಡು ಗಂಟೆಯವರೆಗೆ, ನಾನೇ ಹಟ ಹಿಡಿದು ದಾಟಿಸಿದ ಹನ್ನೆರಡರವರೆಗೆ, ಮಾವನ ದಿನ ಶುರುವಾದದ್ದು ನಿನ್ನೆ ನಡುರಾತ್ರಿಗೆ, ಇಪ್ಪತ್ತರ ಸಂಜೆ ಜನ ಸೇರಬೇಕಿತ್ತು, ಇಪ್ಪತ್ತರಂದೇ ಅತ್ತೆ ಪ್ರತಿ ವರ್ಷ ಅಡುಗೆಗೆ ಕೂರಿಸುತ್ತಿದ್ದದ್ದು, ಇಪ್ಪತ್ತಾರು ವರ್ಷ ಕರಿದಿದ್ದೇನೆ, ಬೇಯಿಸಿದ್ದೇನೆ, ಒಂದು ಸಲವೂ ಎಣಿಸಿಲ್ಲ, ಈ ಹೊಟ್ಟೆಬಾಕ ಹೇಳಿದ ಹಾಗೆ ಎಂಟಕ್ಕೆ ಮಾಡಿದ್ದರೂ ದಿನ ಸರಿಯಿರುತ್ತಿತ್ತು, ಛೇ, ಇವನ ಮಾತು ಕೇಳಿದ್ದರೆ! ಹಾಗಾದರೆ ಒಳಗೆ ಯಾರಿಗೆ ಬಡಿಸಿದ್ದೇನೆ, ಯಾರೂ ಇಲ್ಲದ ತಟ್ಟೆಯೆದುರು ಅನ್ನದಲ್ಲಿ ಚಮಚ ನೆಟ್ಟು ಬಾಗಿಲು ಮುಚ್ಚಿ — ಅತ್ತೆ. ಅತ್ತೆಗೆ ಗೊತ್ತಿತ್ತು. ನಿನ್ನೆ ಸಂಜೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯುಟ್ಟು ಇದೇ ಜಗಲಿಯ ತುದಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕೂತಿದ್ದರು, ಏನತ್ತೆ ಇದು ಎಂದೆ, ಏನಿಲ್ಲ ಮಗಾ, ಗಾಳಿ ಚೆನ್ನಾಗಿದೆ, ಗೇಟಿಗೆ ಚಿಲಕ ಹಾಕಿದೀಯಾ, ಹಾಕದೆ ಇನ್ನೇನು, ಜಿಂಕೆ ನುಗ್ಗಿ ಗೆಣಸಿನ ಸಾಲು ಮೇಯುತ್ತೆ, ಹೌದೌದು, ಜಿಂಕೆ ಬರ್ತವೆ, ಬೇರೆಯವರೂ ಬರ್ತಾರೆ — ಅಷ್ಟೇ ಅಂದದ್ದು! ಈ ಗ್ವೇಸಾನ್ ಊರವರು! ಇವರ ಮಾತಿನ ತುದಿ ಇವತ್ತಿಗೂ ನನ್ನ ಕೈಗೆ ಸಿಕ್ಕಿಲ್ಲ, ನಾನು ಬುಸಾನ್ ಬಂದರಿನವಳು, ನಮ್ಮಲ್ಲಿ ಹಸಿದರೆ ಹಸಿವು ಅನ್ನುತ್ತಾರೆ, ಇಲ್ಲಿ ಹಸಿದರೆ ಎದುರು ಬೆಟ್ಟ ನೋಡಿ ಓ ನೆರಳು ಹೊಲ ದಾಟ್ತಲ್ಲಾ ಅನ್ನುತ್ತಾರೆ, ಮೆಣಸಿನಕಾಯಿಗೆ ಕಡಿಮೆ ಬೆಲೆ ಹೇಳಿದ ವ್ಯಾಪಾರಿಗೆ ಬೇಡ ಅನ್ನುವುದಿಲ್ಲ, ಇರ್ಲಿ ಬಿಡಿ, ನಮ್ಮ ನಾಯಿಗೂ ಖಾರ ಅಭ್ಯಾಸ ಆಗ್ಲಿ ಅನ್ನುತ್ತಾರೆ, ದಿನ ಇವತ್ತು ಕಣೇ ಹುಚ್ಚಿ ಎಂದು ಬಾಯಿಬಿಟ್ಟು ಹೇಳಲು ಏನಾಗಿತ್ತು, ಏನಾಗಿತ್ತು ಅತ್ತೆ, ಹೇಳಿದರೂ ನಾನು ನಂಬುತ್ತಿದ್ದೆನೇ, ಉಪ್ಪು ಎರಡು ಸಲ ಹಾಕಿದವರ ಮಾತು — ಮತ್ತೆ ಆ ಹಗ್ಗ. ಬಟ್ಟೆ ಒಣಹಾಕುವ ಹಗ್ಗ, ಬರುವವರಿಗೆ ತೊಡಕಾಗಬಾರದೆಂದು ಎಡೆಯ ರಾತ್ರಿ ಬಿಚ್ಚಿಡುವ ಹಗ್ಗ, ನಿನ್ನೆ ಕತ್ತಲಾದ ಮೇಲೆ ಹೊರಗೆ ಬಂದರೆ ಒದ್ದೆ ಬಟ್ಟೆಯೆಲ್ಲ ಬುಟ್ಟಿಯಲ್ಲಿ, ಅತ್ತೆ ಹಗ್ಗ ಬಿಚ್ಚಿ ಸುತ್ತುತ್ತಿದ್ದಾರೆ, ತುಂಬ ಕೆಳಗೆ ಕಟ್ಟಿದ್ದೀಯ ಮಗಾ, ಎತ್ತರದವರು ಬಂದ್ರೆ ಕುತ್ತಿಗೆಗೆ ಸಿಗುತ್ತೆ, ನಾಳೆ ಅತ್ತೆ, ನಾಳೆ, ದಿನ ಗೊತ್ತಾಗಲ್ವಾ ನಿಮಗೆ, ಒಳಗೆ ಹೋಗಿ ಮಲಗಿ, ಅವರ ಕೈಯಿಂದ ಹಗ್ಗ ಕಿತ್ತುಕೊಂಡೆ, ಮತ್ತೆ ಕಟ್ಟಿದೆ, ಎರಡು ಗಂಟು ಬಿಗಿದೆ, ಟವಲು, ಇನ್‌ಸೊಕ್‌ರ ಹೊಲದ ಪ್ಯಾಂಟು, ನೀರು ತೊಟ್ಟಿಕ್ಕುತ್ತಾ. ಮಾವ ಎತ್ತರ. ಈ ಮನೆಯ ಬಾಗಿಲುಗಳಿಗೆಲ್ಲ ಬಗ್ಗುತ್ತಿದ್ದದ್ದು ಅವರೊಬ್ಬರೇ.

ಮತ್ತೆ ಇವತ್ತು ಬೆಳಿಗ್ಗೆ, ಮನಸ್ಸು ತಡೆಯದೆ, ಅದನ್ನು ಇನ್‌ಬೇಗೆ ಫೋನಿನಲ್ಲಿ ಹೇಳಿದವಳೂ ನಾನೇ, ದಿನವೂ ತಿಳಿಯೋದಿಲ್ಲ ಕಣೋ ಅಮ್ಮನಿಗೆ, ನಿನ್ನೇನೇ ಉಟ್ಟು ಕೂತಿದ್ರು, ಅದಕ್ಕೇ ಅವನು ವೃದ್ಧರ ಆರೈಕೆ ಕೇಂದ್ರದ ಬಣ್ಣದ ಹಾಳೆ ಹಿಡಿದು ಬಂದಿದ್ದಾನೆ, ಬೆಳಿಗ್ಗೆ ತಿಂಡಿಯಾದ ಮೇಲೆ ಮೂವರೂ ಕೂತು ತೀರ್ಮಾನ ಮಾಡೋಣ ಅಂದಿದ್ದಾನೆ, ಅವನಿಗಿರುವ ದೊಡ್ಡ ಸಾಕ್ಷಿ ನನ್ನ ಮಾತೇ — ಎಹೆಂ, ಎಹೆಂ, ಎಹೆಂ, ಒಳಹೋಗುವ ಮುಂಚೆ ಇನ್‌ಸೊಕ್ ಮೂರು ಸಲ ಕೆಮ್ಮುತ್ತಾರೆ, ಬಾಗಿಲು ಸರಿಯುತ್ತದೆ, ಅನ್ನ ಇಟ್ಟ ಹಾಗೇ ಇದೆ, ಯಾವಾಗಲೂ ಹಾಗೇ ಇರುತ್ತದೆ, ಆದರೂ ನನಗೆ ನೋಡಲಾಗುವುದಿಲ್ಲ, ಕೊನೆಯ ನಮಸ್ಕಾರ, ಮಾವನ ಹೆಸರಿನ ಕಾಗದ ಸುಟ್ಟದ್ದಾಯಿತು, ತಟ್ಟೆಗಳು ಜಗಲಿಗೆ ಬಂದವು, ಇನ್‌ಬೇ ಬಾಯಿತುಂಬ ಮೀನು ತುಂಬಿಕೊಂಡು, ಅಲ್ಲಮ್ಮಾ, ನಿನ್ನೆ ರಾತ್ರೀನೇ ಸಿಂಗಾರ ಮಾಡ್ಕೊಂಡು ಅಪ್ಪನ್ನ ಕಾಯ್ತಾ ಕೂತಿದ್ರಂತೆ, ಅತ್ತೆ ಅವನನ್ನು ನೋಡುವುದಿಲ್ಲ, ನನ್ನನ್ನು ನೋಡುತ್ತಾರೆ, ಆಮೇಲೆ ನಿಧಾನವಾಗಿ, ಹೌದೇನೋಪ್ಪಾ, ದಿನ ಮರ್ತು ಹೋಗಿತ್ತು ನಂಗೆ, ನಿಮ್ಮತ್ತಿಗೆ ಸರಿಯಾಗಿ ಗುರುತು ಹಾಕಿದಾಳೆ, ಓದ್ದೋಳು ನೋಡು. ಇನ್‌ಬೇ ಅಣ್ಣನ ಕಡೆ ಹುಬ್ಬೇರಿಸುತ್ತಾನೆ, ನೋಡಿದ್ಯಾ ಅನ್ನುವ ಹಾಗೆ, ಈಗ ಹೇಳಬೇಕು, ಈಗಲೇ, ಒಂದೇ ವಾಕ್ಯ, ತಪ್ಪಿದ್ದು ಅವರಲ್ಲ ನಾನು, ಬಾಯಿ ತೆರೆಯುತ್ತೇನೆ, ಅತ್ತೇನ ಎಲ್ಲಿಗೂ ಕಳಿಸೋದಿಲ್ಲ, ನಾನಿದ್ದೀನಿ ನೋಡ್ಕೊಳ್ಳೋಕೆ — ಜೋರಾಗಿ ಬಂತು, ಬುಸಾನ್ ಗಂಟಲಿನಲ್ಲಿ, ಇನ್‌ಸೊಕ್ ಬೆಚ್ಚಿ ನೋಡಿದರು, ಇರ್ಲಿ ಅತ್ತಿಗೆ, ಬೆಳಿಗ್ಗೆ ಮಾತಾಡೋಣ ಎಂದ ಇನ್‌ಬೇ, ಉಳಿದ ವಾಕ್ಯ ಬರಲಿಲ್ಲ, ಅತ್ತೆ ನನ್ನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕುತ್ತಾರೆ, ತಿನ್ನು ಮಗಾ, ದಣಿದಿದ್ದೀಯ, ತಿನ್ನುತ್ತೇನೆ, ಹೇಳುವುದಿಲ್ಲ, ಬೆಳಿಗ್ಗೆ ಬೇಕಾದಷ್ಟು ಜಗಳ ಆಡುತ್ತೇನೆ, ಆ ಬಣ್ಣದ ಹಾಳೆಯನ್ನು ಒಲೆಗೆ ಹಾಕುತ್ತೇನೆ, ಇದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ಇನ್‌ಸೊಕ್‌ಗೂ ಇಲ್ಲ, ಗುಡ್ಡದ ಮೇಲಿನ ಆ ಕಲ್ಲಿಗೂ ಇಲ್ಲ, ಬರುವ ವರ್ಷ ಇಪ್ಪತ್ತಕ್ಕೆ ವೃತ್ತ ಹಾಕಿದರಾಯಿತು, ಈ ಮನೆಯಲ್ಲಿ ಎಣಿಸುವವರು ಯಾರಿದ್ದಾರೆ, ಅತ್ತೆಯನ್ನು ಬಿಟ್ಟರೆ, ಮೀನಿನ ಮುಳ್ಳು ಬಿಡಿಸುತ್ತೇನೆ, ಕಣ್ಣೆದುರು ನಿನ್ನೆಯ ಅಂಗಳ, ಅಡ್ಡವಾಗಿ ಹಗ್ಗ, ಎರಡು ಗಂಟು, ಒದ್ದೆ ಟವಲಿನ ಕೆಳಗೆ ಎರಡು ಉದ್ದ ಕಾಲು, ನಿಂತೇ ಇವೆ, ಬಗ್ಗುವುದಿಲ್ಲ, ಕೂಗುವುದೂ ಇಲ್ಲ, ಈ ಊರವರಲ್ಲವೇ, ಟವಲಿನಿಂದ ನೀರು ತೊಟ್ಟಿಕ್ಕುತ್ತಿದೆ, ಕಾಲಿನ ಮೇಲೆ, ಹಗ್ಗ, ಒದ್ದೆ ಟವಲು, ಕಾಲು, ಹಗ್ಗ —