ಹೊಡೆದುಹಾಕಿದ ಉತ್ತರ

ಪರೀಕ್ಷೆ ಮುಗಿಸಿದ ಮಕ್ಕಳು ಟ್ಯೂಷನ್ ಟೀಚರಿಗೆ ವರದಿ ಒಪ್ಪಿಸಿಯೇ ಮನೆಗೆ ಹೋಗುವುದು ನೆಲ್ಲಿಯಡಿ ಊರಿನ ರೂಢಿ. ಅದಕ್ಕೇ ಪವಳರಾಣಿ ಟೀಚರು ಶಾಲೆಯ ಗೇಟಿನೆದುರು ಬೇವಿನ ಮರದಡಿ ಕೊಡೆ ಹಿಡಿದು ನಿಂತಿದ್ದರು. ಬಂದವರೆಲ್ಲ ಒದರುವುದನ್ನು ಒದರಿ ಸೈಕಲ್ಲೇರಿ ಹೋದರು. ಟೀಚರು ಕಾಯುತ್ತಿದ್ದುದು ಯಾಳಿನಿಗೆ. ಎರಡು ಸಲ ಕೂದಲೆಳೆಯಲ್ಲಿ ಇಂಜಿನಿಯರಿಂಗ್ ಸೀಟು ತಪ್ಪಿಸಿಕೊಂಡ ಹುಡುಗಿ. ಇದು ಮೂರನೆಯ ಸಲ, ನಿಯಮದ ಪ್ರಕಾರ ಇನ್ನು ಪರೀಕ್ಷೆಗೆ ಕೂರುವ ಹಾಗೆಯೇ ಇಲ್ಲ.

ಯಾಳಿನಿ ನಗುತ್ತಲೇ ಬಂದಳು. ಬೀಜಗಣಿತ ಸುಲಭವಿತ್ತಂತೆ. ತ್ರಿಕೋನಮಿತಿಯಂತೂ ಅರ್ಧ ಪುಟದಲ್ಲಿ ಮುಗಿಯಿತಂತೆ. ಅರ್ಧ ಪುಟ ಅಂದದ್ದೇ ಟೀಚರು ಪ್ರಶ್ನೆಪತ್ರಿಕೆ ಇಸಕೊಂಡು ನೋಡಿದರು. ಸೈನ್ ಎರಡು ಎಕ್ಸ್ ಸಮ ಕಾಸ್ ಎಕ್ಸ್. ಎಲ್ಲ ಪರಿಹಾರಗಳನ್ನೂ ಕಂಡುಹಿಡಿಯಿರಿ.

"ಇದನ್ನ ಹೇಗೆ ಮಾಡಿದೆ?"

"ಎಡಗಡೆ ಬಿಡಿಸಿದರೆ ಎರಡು ಸೈನ್ ಕಾಸ್, ಬಲಗಡೆ ಕಾಸ್. ಎರಡೂ ಕಡೆ ಕಾಸ್ ಹೊಡೆದುಹಾಕಿದೆ. ಸೈನ್ ಸಮ ಅರ್ಧ ಅಂತ ಉಳೀತು. ಅದರ ಕೋನಗಳನ್ನೆಲ್ಲ ಬರೆದೆ."

ಟೀಚರು ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು. ಹೊಡೆದುಹಾಕಿದ ಆ ಕಾಸ್ ಸೊನ್ನೆಯೂ ಆಗಬಹುದಿತ್ತು. ಆಗ ಕೋನ ತೊಂಬತ್ತು ಡಿಗ್ರಿ, ಅಲ್ಲಿಂದ ಅರ್ಧರ್ಧ ಸುತ್ತಿಗೆ ಒಂದೊಂದು, ಕೊನೆಯಿಲ್ಲದ ಒಂದು ಸಾಲು. ಆ ಸಾಲಿಗೆ ಸಾಲೇ ಉತ್ತರದಿಂದ ಬಿಟ್ಟುಹೋಗಿತ್ತು.

"ಮೊದಲು ಉದ್ದಕ್ಕೇ ಮಾಡಿದ್ದೆ ಟೀಚರ್, ಕಾಸ್ ಸೊನ್ನೆಯಾದರೆ ಇಷ್ಟು, ಆಗದಿದ್ದರೆ ಇಷ್ಟು ಅಂತ. ಆಮೇಲೆ ನಿಮ್ಮ ಬೇಲಿ ಮಾತು ನೆನಪಾಗಿ ನಗು ಬಂತು. ಬರೆದದ್ದಕ್ಕೆಲ್ಲ ಅಡ್ಡಗೀಟು ಎಳೆದುಬಿಟ್ಟೆ."

ಬೇಲಿ ಮಾತು ಟೀಚರಿಗೂ ನೆನಪಿತ್ತು. ಹೋದ ತಿಂಗಳು ಕ್ಲಾಸಿನಲ್ಲಿ ಇಂಥದೇ ಲೆಕ್ಕವನ್ನು ಯಾಳಿನಿ ಬೋರ್ಡಿನ ತುಂಬ ಹರಡಿಕೊಂಡು ಮಾಡುತ್ತಿದ್ದಳು. "ನೋಡ್ರೇ, ಮನೆಯೊಳಗೆ ಬರೋಕೆ ಬೇಲಿಯ ಒಂದೊಂದು ತಾಳೆಗರಿಗೂ ಅಪ್ಪಣೆ ಕೇಳ್ತಾಳೆ ಇವಳು" ಎಂದು ಟೀಚರೇ ಎದ್ದು ಎರಡೂ ಕಡೆಯ ಕಾಸ್ ಹೊಡೆದುಹಾಕಿದ್ದರು. ಆ ಲೆಕ್ಕದಲ್ಲಿ ಕೋನ ತೊಂಬತ್ತಕ್ಕಿಂತ ಕಡಿಮೆ ಎಂದು ಮೊದಲೇ ಕೊಟ್ಟಿತ್ತು, ಕಾಸ್ ಸೊನ್ನೆಯಾಗುವ ಭಯವಿರಲಿಲ್ಲ. ಆದರೆ ಹೊಡೆದದ್ದು ಅದಕ್ಕೇ ಎಂದು ಹೇಳಿರಲಿಲ್ಲ. ಕ್ಲಾಸು ಗೊಳ್ಳೆಂದು ನಕ್ಕಿತ್ತು. ಆ ನಗು ಅವರಿಗೂ ಹಿತವಾಗಿತ್ತು.

ಚೆನ್ನಾಗಿ ಬರೆದಿದ್ದೀಯ, ಹೋಗಿ ಊಟ ಮಾಡು ಎಂದು ಕಳಿಸಿಬಿಡೋಣವೆನ್ನಿಸಿತು. ಆದರೆ ನಾಳೆ ಎರಡನೆಯ ಪತ್ರಿಕೆ. ಅಲ್ಲೂ ಹೀಗೇ ಹೊಡೆಯುತ್ತ ಹೋದರೆ?

"ನೀನು ಮೊದಲು ಬರೆದದ್ದೇ ಸರಿ, ಮಗಳೇ. ಅವತ್ತು ಹೊಡೆಯಬಹುದಿತ್ತು, ಇವತ್ತು ಹೊಡೆಯೋ ಹಾಗಿರಲಿಲ್ಲ. ಅವತ್ತೇ ನಾನು ಬಿಡಿಸಿ ಹೇಳಬೇಕಿತ್ತು."

ಯಾಳಿನಿಯ ನಗು ಒಮ್ಮೆಗೇ ಹೋಗಲಿಲ್ಲ. ಎಲ್ಲಿ ಇಡಬೇಕೆಂದು ತಿಳಿಯದೆ ಮುಖದ ಮೇಲೆಯೇ ಸ್ವಲ್ಪ ಹೊತ್ತು ಉಳಿಯಿತು. ಪತ್ರಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಕಾಸ್ ಸೊನ್ನೆಯಾದರೆ ಏನು ಅಂತ ಅವತ್ತು ಕೇಳಬೇಕು ಅಂತಲೇ ಇದ್ದೆ ಟೀಚರ್. ಎಲ್ಲರೂ ನಗ್ತಾ ಇದ್ರು."

ನಾಳೆ ಉದ್ದಕ್ಕೇ ಬರೆಯುತ್ತೇನೆ ಎಂದೂ ಹೇಳಿದಳು, ಟೀಚರಿಗೇ ಸಮಾಧಾನ ಹೇಳುವವಳ ಹಾಗೆ. ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ನಡೆದಳು. ಸಂಜೆ ಮನೆಗೆ ಬಾ, ಕೂತು ಇನ್ನೊಮ್ಮೆ ನೋಡೋಣ ಎನ್ನಬೇಕೆಂದು ಟೀಚರು ಬಾಯಿ ತೆರೆಯುವಷ್ಟರಲ್ಲಿ ತಾಳೆಗರಿಯ ಬೇಲಿಯ ತಿರುವಿನಲ್ಲಿ ಹುಡುಗಿ ಮರೆಯಾಗಿದ್ದಳು.