ಒಂಬತ್ತು ಅಡಿ ದಾರಿ

ಹೊಲದ ಕೊನೆಯಲ್ಲಿ ವೆರ್ಲನ್ ಪಿಕೆಟ್ ಟ್ರ್ಯಾಕ್ಟರ್ ತಿರುಗಿಸುತ್ತಿದ್ದಾಗ, ಬೇಲಿಯಾಚೆ ನಿಂತ ಹೆಂಡತಿ ನೇಡೀನ್ ಅವನ ಕರಿಯ ಕೋಟನ್ನು ಬಾವುಟದಂತೆ ಬೀಸಿದಳು. ಜೂನ್ ತಿಂಗಳ ಎರಡನೇ ವಾರ. ಕೊಯ್ದ ಹುಲ್ಲು ಸುರುಳಿ ಸುತ್ತುವುದಕ್ಕೆ ಹದವಾಗಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅವನು ಕಾಣದವನಂತೆ ಇನ್ನೊಂದು ಸಾಲು ಹಿಡಿದ.

“ರೀ, ಶವದ ಪೆಟ್ಟಿಗೆಗೆ ಹೆಗಲು ಕೊಡೋರು ನೀವು! ನಿಮ್ಮ ಹುಲ್ಲು ಮುಗಿಯೋವರೆಗೂ ಡೆಲ್ಮರ್ ಕಾಯ್ತಾನಾ?”

“ಕಾಯ್ತಾನೆ. ಅವನಿಗೆ ಕಾಯೋದು ಅಭ್ಯಾಸ.”

“ಟಲ್ಸಾದಿಂದ ಅವನ ಮಗಳೂ ಬಂದಿದಾಳೆ. ರೋಂಡಾ.”

ವೆರ್ಲನ್ ಎಂಜಿನ್ ಆರಿಸಿದ. ಆ ಹುಡುಗಿಗೆ ಹೇಳಬೇಕಾದ ಮಾತೊಂದು ನಲವತ್ತೆರಡು ವರ್ಷಗಳಿಂದ ಅವನ ಗಂಟಲಲ್ಲಿ ಕೂತಿತ್ತು. ಇವತ್ತು ಹೇಳದಿದ್ದರೆ ಇನ್ನು ಹೇಳುವ ದಿನ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

*

ಅರವತ್ತಾರನೇ ಹೆದ್ದಾರಿಯ ಹಳೆಯ ತುಂಡೊಂದು ಊರಿನವರ ಹೊಲಗಳ ನಡುವೆ ಉಳಿದುಕೊಂಡಿತ್ತು. ಅಗಲ ಒಂಬತ್ತೇ ಅಡಿ. ಎದುರುಬದುರಾದ ಎರಡೂ ಗಾಡಿಗಳು ಒಂದೊಂದು ಬದಿಯ ಚಕ್ರವನ್ನು ರಸ್ತೆಯಂಚಿನ ಜಲ್ಲಿಗೆ ಇಳಿಸಬೇಕು. ಅರ್ಧ ನಿನಗೆ, ಅರ್ಧ ನನಗೆ. ಶಾಲೆಯ ಬಸ್ಸಿಗೆ ಮಾತ್ರ ಬೇರೆ ಕಟ್ಟಳೆ. ಒಳಗೆ ಮಕ್ಕಳಿರುತ್ತಾರೆಂದು ಎದುರಿನವನು ಪೂರ್ತಿ ದಾರಿ ಬಿಟ್ಟುಕೊಡುತ್ತಿದ್ದ. ಬಸ್ಸು ಖಾಲಿಯಿದ್ದರೆ ಚಾಲಕ ಮುಂದಿನ ದೀಪವನ್ನು ಎರಡು ಸಲ ಮಿಟುಕಿಸಬೇಕು. ಆಗ ಬಸ್ಸಿಗೂ ಅರ್ಧವೇ.

ನಲವತ್ತೆರಡು ವರ್ಷಗಳ ಹಿಂದಿನ ಆ ಮಾರ್ಚ್ ಸಂಜೆ ಮಳೆ ಹೊಯ್ಯುತ್ತಿತ್ತು. ಆಗ ಶಾಲೆಯ ಬಸ್ಸು ಓಡಿಸುತ್ತಿದ್ದ ವೆರ್ಲನ್ ಕೊನೆಯ ಮಗುವನ್ನು ಇಳಿಸಿ ಮನೆಗೆ ಹೊರಟಿದ್ದ. ಎದುರಿಗೆ ಡೆಲ್ಮರ್ ಟಿಬ್ಸ್‌ನ ಪಿಕಪ್ ಬಂತು. ಜಲ್ಲಿಯೆಲ್ಲ ಕೆಸರಾಗಿತ್ತು, ಬಸ್ಸು ಹೂತುಕೊಂಡರೆ ರಾತ್ರಿಯೆಲ್ಲ ಅಲ್ಲೇ. ವೆರ್ಲನ್ ದೀಪ ಮಿಟುಕಿಸಲಿಲ್ಲ. ಡೆಲ್ಮರ್ ನಾಲ್ಕೂ ಚಕ್ರ ಕೆಳಗಿಳಿಸಿದ. ಪಿಕಪ್ ಜಾರಿ, ಹಳ್ಳದಲ್ಲಿ ಎರಡು ಉರುಳು ಉರುಳಿತು.

ಡೆಲ್ಮರ್‌ನ ಮುರಿದ ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಆಸ್ಪತ್ರೆಯಲ್ಲಿ ಅವನು ಕೇಳಿದ್ದು ಒಂದೇ:

“ಬಸ್ಸಲ್ಲಿ ಮಕ್ಕಳಿದ್ರಾ?”

“ಇದ್ರು,” ಎಂದ ವೆರ್ಲನ್. “ಆರು ಜನ. ಆದ್ರೆ ನಾನು ಜೋರಾಗಿ ಬರ್ತಿದ್ದೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗತ್ತೆ ಡೆಲ್ಮರ್.”

“ಮಕ್ಕಳಿಗೆ ಏನೂ ಆಗ್ಲಿಲ್ವಲ್ಲ. ಅಷ್ಟು ಸಾಕು. ನಾನು ಬಾಯಿ ಬಿಡಲ್ಲ, ಹೋಗು.”

ಡೆಲ್ಮರ್ ಅವತ್ತು ಒಂದು ಗುಟುಕು ವಿಸ್ಕಿ ಕುಡಿದಿದ್ದ. ವಾಸನೆ ಹಿಡಿದವರು ಕತೆಯನ್ನು ತಾವೇ ಪೂರ್ತಿ ಮಾಡಿದರು. ಕ್ರಿಸ್‌ಮಸ್ಸಿನಷ್ಟು ದೀಪ ಹಾಕಿದರೂ ಆ ಕುಡುಕನಿಗೆ ದಾರಿ ಕಾಣುತ್ತಿರಲಿಲ್ಲ ಎನ್ನುವಷ್ಟಕ್ಕೆ ಅದು ಬೆಳೆಯಿತು. ಆ ವರ್ಷವೇ ಅವನ ಹೆಂಡತಿ ಎಂಟು ವರ್ಷದ ಮಗಳ ಕೈಹಿಡಿದು ಟಲ್ಸಾಕ್ಕೆ ಹೊರಟುಹೋದಳು.

*

ಅಂತ್ಯಪ್ರಾರ್ಥನೆಯ ನಂತರ ಚರ್ಚಿನ ಹಿಂದಿನ ಕೋಣೆಯಲ್ಲಿ ಕರಿದ ಕೋಳಿ, ಆಲೂಗಡ್ಡೆ ಸಲಾಡು, ಪೀಚ್ ಹಣ್ಣಿನ ಸಿಹಿ ಸಾಲಾಗಿದ್ದವು. ಟೈರ್ ಅಂಗಡಿಯ ಹೊಯ್ಟ್ ಬಾಯಿ ತುಂಬ ಅಗಿಯುತ್ತಲೇ ಮಾತಾಡುತ್ತಿದ್ದ.

“ಈ ಹಳೇ ದಾರಿ ನೋಡೋಕೆ ಜರ್ಮನಿಯಿಂದ ಮೋಟಾರ್ ಸೈಕಲ್ಲಲ್ಲಿ ಬರೋರು ಕಣ್ರೀ. ನಮ್ಮ ಡೆಲ್ಮರ್ ಮರದ ಕೆಳಗೆ ಕುರ್ಚಿ ಹಾಕ್ಕೊಂಡು ಶುರು ಹಚ್ಕೊಳ್ಳೋನು. ‘ಸರ್ಕಾರದ ಹತ್ರ ಅರ್ಧ ದಾರಿಗೇ ದುಡ್ಡಿತ್ತು. ಅರ್ಧ ದೂರ ಹಾಕೋಣ ಅಂದ ಒಬ್ಬ. ಅರ್ಧ ಅಗಲ ಹಾಕಿದ್ರೆ ಊರಾದ್ರೂ ಸಿಗತ್ತೆ ಅಂದ ನಮ್ಮಜ್ಜ.’ ಒಂದಿನ ಹಂಗಂದೋನು ಅಜ್ಜ, ಒಂದಿನ ಅಜ್ಜನ ಹೇಸರಗತ್ತೆ!”

“ಅಜ್ಜನಿಗಿಂತ ಕತ್ತೆಗೇ ಬುದ್ಧಿ ಜಾಸ್ತಿ ಇತ್ತು, ಬಿಡು,” ಎಂದಳು ನೇಡೀನ್. ಎಲ್ಲರೂ ನಕ್ಕರು.

ರೋಂಡಾ ನಗಲಿಲ್ಲ. ಐವತ್ತಾಗಿದ್ದ ಅವಳ ಗದ್ದ ಥೇಟು ಅಪ್ಪನದೇ. “ಇಲ್ಲಿ ಯಾರಾದ್ರೂ ಬಿದ್ದಿದಾರಾ ಅಂತ ಬಂದೋರು ಕೇಳ್ತಿರಲಿಲ್ವಾ?”

ಹೊಯ್ಟ್ ತಟ್ಟೆ ನೋಡಿಕೊಂಡ. “ಕೇಳೋರಮ್ಮ. ‘ಒಬ್ಬನೇ, ಒಬ್ಬ ಕುಡುಕ’ ಅನ್ನೋನು ನಿಮ್ಮಪ್ಪ.”

ವೆರ್ಲನ್ ಕಾಫಿ ಲೋಟ ಕೆಳಗಿಟ್ಟ. ಆ ಮಾತನ್ನು ಅವನೂ ಆ ಮರದ ಕೆಳಗೆ ನಿಂತು ಕೇಳಿದ್ದ, ಒಂದಲ್ಲ ಹತ್ತು ಸಲ.

*

ಹೆಣದ ಗಾಡಿ ಹಳೆಯ ದಾರಿಯಲ್ಲೇ ಸ್ಮಶಾನಕ್ಕೆ ಹೋಯಿತು. ಡೆಲ್ಮರ್ ಬರೆದಿಟ್ಟಿದ್ದು ಅದೊಂದನ್ನೇ. ಮಣ್ಣು ಹಾಕಿ ಜನ ಚದುರಿದ ಮೇಲೆ ವೆರ್ಲನ್ ಟೊಪ್ಪಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ರೋಂಡಾಳ ಪಕ್ಕ ನಿಂತ.

“ಮಗಾ, ನಿಮ್ಮಪ್ಪ ಕುಡಿದು ಬಿದ್ದದ್ದಲ್ಲ. ಎದುರಿಗೆ ಬಂದದ್ದು ನನ್ನ ಬಸ್ಸು. ದಾರಿ ಬಿಟ್ಟುಕೊಟ್ಟು ಬಿದ್ದ. ನನ್ನ ಕೆಲಸ ಉಳೀಲಿ ಅಂತ ಯಾರ ಹತ್ರಾನೂ ಹೇಳಲಿಲ್ಲ.”

ಅವಳು ಬಗ್ಗಿ ಹಸಿ ಮಣ್ಣನ್ನು ಅಂಗೈಯಿಂದ ಸವರಿದಳು. “ಅಮ್ಮನಿಗೂ ಹೇಳಲಿಲ್ವಾ?”

“ಮಾತು ಕೊಟ್ಟಿದ್ದ.”

ಅವಳು ತಲೆಯೆತ್ತಿದಳು. “ಪಿಕೆಟ್ ಅವ್ರೇ, ಬಸ್ಸಲ್ಲಿ ಮಕ್ಕಳಿದ್ರಾ?”

ಆ ಗದ್ದ, ಆ ದನಿ. ಇಲ್ಲ ಎನ್ನುವುದಕ್ಕೇ ಅವನು ಬಾಯಿ ತೆರೆದದ್ದು.

“ಆರು ಜನ,” ಎಂದ.

ರೋಂಡಾಳ ಭುಜ ಇಳಿಯಿತು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. “ಆರು ಜನ... ಎಲ್ಲೋ ಬದುಕಿದಾರಲ್ಲ. ಅಷ್ಟು ಸಾಕು ನನಗೆ.”

*

ಮನೆ ತಲುಪಿದವನು ಪಿಕಪ್ಪಿನಿಂದ ಇಳಿಯಲಿಲ್ಲ. “ಹುಲ್ಲು?” ಎಂದು ನೇಡೀನ್ ಬಾಗಿಲಲ್ಲೇ ಕೂಗಿದಳು. “ಕೊಳೀಲಿ,” ಎಂದು ಅವನು ಬಂದ ದಾರಿಗೇ ಗಾಡಿ ತಿರುಗಿಸಿದ. ರೋಂಡಾ ಟಲ್ಸಾಕ್ಕೆ ಹೊರಡುವುದರೊಳಗೆ ಉಳಿದರ್ಧ ನಿಜವನ್ನೂ ಹೇಳಬೇಕು.

ಸ್ಮಶಾನಕ್ಕೆ ಅರ್ಧ ಮೈಲಿಯಿರುವಾಗಲೇ ಅವಳ ನೀಲಿ ಕಾರು ಎದುರಾಯಿತು. ವೆರ್ಲನ್ ನಾಲ್ಕೂ ಚಕ್ರ ಜಲ್ಲಿಗಿಳಿಸಿ, ಹಳ್ಳದ ಅಂಚಿಗೆ ವಾಲಿ ನಿಂತ. ಕಿಟಕಿಯಿಂದ ಕೈ ಚಾಚಿ ನಿಲ್ಲಿಸಬೇಕಿತ್ತು. ದಾರಿಯೆಲ್ಲ ಖಾಲಿಯಿದ್ದರೂ ರೋಂಡಾ ತನ್ನ ಬಲಗಡೆಯ ಚಕ್ರಗಳನ್ನು ಜಲ್ಲಿಗೆ ಇಳಿಸಿದಳು, ಎಂಟು ವರ್ಷದವಳಾಗಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಕಲಿತಂತೆ. ಸ್ಟೀರಿಂಗ್ ಮೇಲಿನ ಕೈಯಿಂದ ಒಂದು ಬೆರಳೆತ್ತಿ ವಂದಿಸಿದಳು. ಅತ್ತು ತೊಳೆದ ಮುಖದಲ್ಲಿ ಸಣ್ಣ ನಗುವಿತ್ತು. ವೆರ್ಲನ್‌ನ ಕೈ ಮೇಲೇಳಲಿಲ್ಲ.

ಕಾರು ದಾಟಿಹೋಯಿತು. ಧೂಳು ನೆಲಕ್ಕಿಳಿಯಿತು. ಮೊದಲ ಹನಿಗಳು ಗಾಜಿಗೆ ಬಡಿದವು. ವಾಲಿಕೊಂಡೇ ಇದ್ದ ಪಿಕಪ್ಪಿನ ಮೂತಿ ಸ್ಮಶಾನದ ಕಡೆಗಿತ್ತು. ಅವನು ದೀಪದ ಗುಂಡಿಗೆ ಕೈ ಹಾಕಿ, ಮುಂದಿನ ದೀಪವನ್ನು ಎರಡು ಸಲ ಮಿಟುಕಿಸಿದ.